ಕೊಡ ಕೆಳಗಿಟ್ಟ ಬಾಚಲೆ

ರತ್ನಪ್ರಭಾ ಹುಟ್ಟಿ ಬೆಳೆದದ್ದು ಬಾಣಾವರದಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಕೂಗಳತೆಯ ದೂರದ ಮನೆಯಲ್ಲಿ. ತಂದೆ ವಿಮಲನಾಥಯ್ಯನವರದು ದಿನಸಿ ಅಂಗಡಿ. ಸ್ಟೇಷನ್ನಿನ ಎದುರು ದೇವೀರಪ್ಪ ಎಂಬಾತ ಕಡಲೆಕಾಯಿ, ಪುರಿ ಮಾರುತ್ತಿದ್ದ. ರೈಲಿನಲ್ಲಿ ಜನ ಓದಿ ಬಿಟ್ಟುಹೋದ ಪುಸ್ತಕ, ಪತ್ರಿಕೆಗಳೆಲ್ಲ ಹೇಗೋ ಅವನ ಕೈ ಸೇರುತ್ತಿದ್ದವು. ಪೊಟ್ಟಣ ಕಟ್ಟುವುದಕ್ಕೆ ಅವನು ಒಂದೊಂದೇ ಹಾಳೆ ಹರಿಯುತ್ತಿದ್ದ; ಹರಿಯುತ್ತಿದ್ದದ್ದು ಮೊದಲ ಪುಟದಿಂದ. ಅಂಗಡಿಯವರ ಹುಡುಗಿಗೆ ಓದುವ ಹುಚ್ಚು ಎಂದು ತಿಳಿದ ಮೇಲೆ, “ತಗೋ ಮಗಾ, ಇನ್ನೂ ಅರ್ಧ ಐತೆ” ಎಂದು ಉಳಿದದ್ದನ್ನು ಅವಳಿಗೆ ಕೊಡತೊಡಗಿದ.

ಹೀಗಾಗಿ ಮದುವೆಯಾಗುವ ತನಕ ಅವಳು ಓದಿದ ಕಾದಂಬರಿಗಳಲ್ಲಿ ಹೆಚ್ಚಿನವಕ್ಕೆ ಮೊದಲೇ ಇರಲಿಲ್ಲ. ರಾಜಕುಮಾರಿ ಆಗಲೇ ಸೆರೆಮನೆಯಲ್ಲಿರುತ್ತಿದ್ದಳು, ಸೇನಾಪತಿಗೆ ಆಗಲೇ ಗಾಯವಾಗಿರುತ್ತಿತ್ತು. ಇವರಿಬ್ಬರು ಹೇಗೆ ಭೇಟಿಯಾದರು, ಎಲ್ಲಿ ಭೇಟಿಯಾದರು, ಯಾರು ಮೊದಲು ಮಾತಾಡಿದರು ಎಂಬುದೆಲ್ಲ ದೇವೀರಪ್ಪನ ಪೊಟ್ಟಣವಾಗಿ ಯಾರದೋ ಜೇಬಿನಲ್ಲಿ ಊರು ಬಿಟ್ಟಿರುತ್ತಿತ್ತು. ಹುಡುಗಿ ಏನು ಮಾಡಿಯಾಳು? ಪಾತ್ರೆ ತೊಳೆಯುತ್ತ, ಜಡೆ ಹಾಕಿಕೊಳ್ಳುತ್ತ ಆ ಕಥೆಗಳಿಗೆಲ್ಲ ಮೊದಲ ಸಾಲನ್ನು ತಾನೇ ಕಟ್ಟುತ್ತಿದ್ದಳು. ಒಂದೇ ಸಾಲು. ಅದು ಸರಿಹೊಂದಿತು ಎನಿಸಿದರೆ ಆ ದಿನವೆಲ್ಲ ಹೊಟ್ಟೆ ತುಂಬಿದ ಹಾಗಿರುತ್ತಿತ್ತು. ಈ ಅಭ್ಯಾಸವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದೂ ಅನಿಸಿರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿದು ಎರಡು ವರ್ಷಕ್ಕೆ, ಅರವತ್ತೆಂಟರಲ್ಲಿ, ಹಳೇಬೀಡಿನ ಗೊಮ್ಮಟೇಶನಿಗೆ ಅವಳನ್ನು ಕೊಟ್ಟರು. ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ, ಊರಾಚೆ ಒಂದಷ್ಟು ತೆಂಗು. ಗೊಮ್ಮಟೇಶ ಮಿತಭಾಷಿ. ಹೆಂಡತಿಗೆ ಓದು ಇಷ್ಟ ಎಂದು ಗೊತ್ತಾದಾಗ ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೇಲೂರಿಗೆ ಹೋದಾಗೆಲ್ಲ ಲೈಬ್ರರಿಯಿಂದ ಒಂದು ಪುಸ್ತಕ ತರತೊಡಗಿದ, ಅಷ್ಟೆ. ಅವನು ನೋಡುತ್ತಿದ್ದದ್ದು ದಪ್ಪ ಮಾತ್ರ. “ಇದು ಬಹಳ ದಿನ ಬರುತ್ತೆ” ಎಂದು ಕೈಗಿಡುತ್ತಿದ್ದ. ಕೃಷಿ ಕೈಪಿಡಿಯೂ ಒಮ್ಮೆ ಬಂತು. ಅವಳು ಅದನ್ನೂ ಓದಿದಳು.

ಮನೆಯಲ್ಲಿ ದೊಡ್ಡವರೆಂದರೆ ಅತ್ತೆ ಧರ್ಮಾವತಮ್ಮ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಒಬ್ಬನೇ ಮಗನನ್ನು ಬೆಳೆಸಿದವರು, ಅಕ್ಷರ ಬಾರದವರು. ಬೆಳಗ್ಗೆ ಬಸದಿಗೆ ಹೋಗಿ ದರ್ಶನ ಮಾಡಿ ಬಂದಮೇಲೇ ಬಾಯಿಗೆ ನೀರು. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮುಂಚೆಯೇ ಎಲ್ಲರ ಊಟವೂ ಮುಗಿಯುತ್ತಿತ್ತು. ಆಮೇಲೆ ಧರ್ಮಾವತಮ್ಮ ಪಡಸಾಲೆಯಲ್ಲಿ ಜಪಮಣಿ ಹಿಡಿದು ಕೂರುವರು. ಅವರ ಮಾತು ಕಡಿಮೆ, ಆಡಿದ್ದು ನೆಟ್ಟಗೆ. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅತ್ತೆಗೆ ತಾನು ಇಷ್ಟವೋ ಅಲ್ಲವೋ ಎಂಬುದು ರತ್ನಪ್ರಭೆಗೆ ತಿಳಿದಿರಲಿಲ್ಲ. ಬೈದದ್ದು ನೆನಪಿದೆ, ಹೊಗಳಿದ್ದು ನೆನಪಿಲ್ಲ. ಎರಡು ಬಾಣಂತನವನ್ನೂ ಬಾಣಾವರಕ್ಕೆ ಕಳಿಸದೆ ತಾವೇ ಮಾಡಿದ್ದರು, ಅದೂ ನೆನಪಿದೆ.

ಎಪ್ಪತ್ತೇಳರ ಬೇಸಗೆಯಲ್ಲಿ ಒಂದು ವಾರಪತ್ರಿಕೆಯ ಒಳಪುಟದಲ್ಲಿ ಪ್ರಕಟಣೆಯೊಂದು ಬಂತು. ಐತಿಹಾಸಿಕ ಪ್ರೇಮಕಾದಂಬರಿಯ ಮೊದಲ ಸಾಲನ್ನು ಮಾತ್ರ ಬರೆದು ಕಳಿಸಿ, ಕಾದಂಬರಿ ಬೇಡ, ಪೋಸ್ಟ್ ಕಾರ್ಡಿನಲ್ಲೇ ಬರೆಯಬೇಕು, ಒಬ್ಬರಿಗೆ ಒಂದೇ ಕಾರ್ಡು. ರತ್ನಪ್ರಭಾ ಅದನ್ನು ಎರಡು ಸಲ ಓದಿದಳು. ಯಾರೋ ತನ್ನ ಅಡುಗೆಮನೆಗೆ ಬಂದು ಕಿವಿಯಲ್ಲಿ ಹೇಳಿದ ಹಾಗಾಯಿತು. ಲೋಕದಲ್ಲಿ ತನಗೆ ಬರುವ ಒಂದೇ ಒಂದು ವಿದ್ಯೆಯನ್ನು ಇವರು ಕೇಳುತ್ತಿದ್ದಾರೆ.

ಮೂರು ದಿನ ಅವಳ ಸಾರಿಗೆ ಉಪ್ಪು ಹೆಚ್ಚುಕಡಿಮೆಯಾಯಿತು. ನಾಲ್ಕನೆಯ ಮಧ್ಯಾಹ್ನ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಗ ಸಾಲು ಬಂತು. ಮೊರವನ್ನು ಪಕ್ಕಕ್ಕೆ ತಳ್ಳಿ ಕಾರ್ಡು ತೆಗೆದು ಬರೆದಳು:

‘ಸಂಜೆಗೆಂಪು ದೋರಸಮುದ್ರದ ಕೆರೆಯ ನೀರಿಗಿಳಿದ ಹೊತ್ತಿನಲ್ಲಿ, ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ಏರಿಯ ಮೇಲೆ ಬಂದ ಬಾಚಲೆ, ಅಪರಿಚಿತನೊಬ್ಬ ತನ್ನದೇ ಮುಖವನ್ನು ಕಲ್ಲಿನಲ್ಲಿ ಬಿಡಿಸುತ್ತಿರುವುದನ್ನು ಕಂಡು, ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ಹಾಗೇ ನಿಂತಳು.’

ಕಾರ್ಡನ್ನು ಡಬ್ಬಕ್ಕೆ ಹಾಕುವುದು ಹೇಗೆ ಎಂಬುದು ಮುಂದಿನ ಯೋಚನೆ. ಗಂಡನ ಕೈಗೆ ಕೊಡಲು ನಾಚಿಕೆ. ಮಕ್ಕಳ ಕೈಗೆ ಕೊಟ್ಟರೆ ದಾರಿಯಲ್ಲೇ ಓದುತ್ತಾರೆ. ಕೊನೆಗೆ ಹಾಲಿನ ಹುಚ್ಚಮ್ಮ ನೆನಪಾದಳು. ದಿನಾ ಅಂಚೆಡಬ್ಬದ ಮುಂದೆಯೇ ಹಾಯುವವಳು, ಓದಲು ಬಾರದವಳು. ಇವಳಷ್ಟು ಭದ್ರ ಇನ್ನಾರು? ಕಾರ್ಡನ್ನು ಮಡಿಸದೆ, ನೀರು ತಾಗಿಸದೆ ಹಾಕಬೇಕೆಂದು ಮೂರು ಸಲ ಹೇಳಿ ಕೊಟ್ಟಳು.

ಹುಚ್ಚಮ್ಮ ಜವಾಬ್ದಾರಿಯ ಹೆಂಗಸು. ಇಷ್ಟು ಸಲ ಹೇಳಿದ್ದಾರೆಂದರೆ ದೊಡ್ಡ ಕಾಗದವೇ ಇರಬೇಕು, ವಿಳಾಸ ತಪ್ಪಿದ್ದರೆ ಏನು ಗತಿ ಎಂದು ಅವಳಿಗೆ ಚಿಂತೆಯಾಯಿತು. ದಾರಿಯಲ್ಲಿ ಟೈಲರ್ ಸಣ್ಣಯ್ಯನ ಅಂಗಡಿ. “ಇದು ಎಲ್ಲಿಗೋಗೋದು ನೋಡಪ್ಪ, ಸರಿಯಾಗೈತಾ?” ಎಂದು ಅವನ ಕೈಗಿತ್ತಳು. ಸಣ್ಣಯ್ಯ ವಿಳಾಸ ನೋಡಿ, ಸರಿಯಾಗಿದೆ ಎಂದು ಹೇಳಿ, ಕಾರ್ಡನ್ನು ಆ ಕಡೆ ತಿರುಗಿಸಿದ. ಓದಿದ. ಮಿಷನ್ನಿನ ಮೇಲಿಂದ ಕಾಲು ತೆಗೆದ. ಆಮೇಲೆ ಅಂಗಡಿಯಲ್ಲಿ ಕುಳಿತಿದ್ದ ನಾಲ್ಕು ಜನಕ್ಕೆ ಕೇಳುವಂತೆ, ನಾಟಕದಲ್ಲಿ ಪಾತ್ರ ಕಟ್ಟಿದವನ ಗತ್ತಿನಲ್ಲಿ, ಮೊದಲಿಂದ ಇನ್ನೊಂದು ಸಲ ಓದಿದ.

ಸಂಜೆಯೊಳಗೆ ಅದು ಪೇಟೆ ಬೀದಿ ದಾಟಿ ಬಸ್ ನಿಲ್ಲುವ ಕಡೆಗೂ ಹೋಯಿತು. ಸಾಲು ಉದ್ದವಿದ್ದದ್ದರಿಂದ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ತುಂಡು ಉಳಿಯಿತು. ಕೆಲವರಿಗೆ ಸಂಜೆಗೆಂಪು, ಕೆಲವರಿಗೆ ಕೊಡ. ಆದರೆ ಕೆರೆ ಏರಿ, ಹುಡುಗಿ, ಗುರುತಿಲ್ಲದ ಗಂಡಸು, ಬಟ್ಟೆ ಅಂಗಡಿಯವರ ಸೊಸೆ ಈ ನಾಲ್ಕನ್ನು ಮಾತ್ರ ಯಾರೂ ಮರೆಯಲಿಲ್ಲ.

ಗೊಮ್ಮಟೇಶ ಊಟಕ್ಕೆ ಬಂದವನು ತಟ್ಟೆ ನೋಡುತ್ತ ಕೇಳಿದ: “ಕಾರ್ಡು ಹಾಕಿಸಿದೆಯಂತೆ?”

ರತ್ನಪ್ರಭಾ ಸಾರಿನ ಸೌಟು ಕೆಳಗಿಟ್ಟಳು. “ಹೂಂ.”

“ವಿಳಾಸ ಸರಿಯಾಗಿ ಬರೆದಿದ್ದೀಯಾ?”

“ಬರೆದಿದ್ದೀನಿ.”

“ಸರಿ ಮತ್ತೆ” ಎಂದು ಮಜ್ಜಿಗೆ ಹಾಕಿಸಿಕೊಂಡ.

ಅತ್ತೆ ತಮ್ಮ ಪಾಡಿಗೆ ಉಂಡು ಎದ್ದರು. ಅದೇ ಭಯವಾದದ್ದು. ಊಟ ಮುಗಿದು, ಒಲೆ ಸಾರಿಸಿ, ರತ್ನಪ್ರಭಾ ಕೈ ಒರೆಸಿಕೊಂಡು ಹೊರಗೆ ಬಂದಾಗ ಧರ್ಮಾವತಮ್ಮ ಪಡಸಾಲೆಯಲ್ಲಿ ಕೂತಿದ್ದರು. ಜಪಮಣಿ ಮಡಿಲಲ್ಲಿ ಸುಮ್ಮನಿತ್ತು.

“ಬಾ ಇಲ್ಲಿ, ಕೂತ್ಕೊ” ಎಂದರು. “ನನ್ನ ಮನೆಯ ಮಾತನ್ನ ನಾನು ಸಣ್ಣಯ್ಯನ ಬಾಯಿಂದ ಯಾಕೆ ಕೇಳಬೇಕು? ನೀನೇ ಹೇಳು, ಏನು ಬರೆದೆ?”

ರತ್ನಪ್ರಭಾ ನೆಲ ನೋಡುತ್ತ ಹೇಳಿದಳು. ತಾನೇ ಕಟ್ಟಿದ ಸಾಲನ್ನು ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳುತ್ತಿರುವುದು ಹುಟ್ಟಿದಮೇಲೆ ಇದೇ ಮೊದಲು. ಆದರೂ ಕೊನೆತನಕ ಹೇಳಿದಳು.

ಧರ್ಮಾವತಮ್ಮ ಕೇಳಿದರು: “ಕೊಡ ತುಂಬಿತ್ತಾ?”

“ಹೌದು, ಅತ್ತೆ.”

“ಎಷ್ಟು ದೊಡ್ಡ ಕೊಡ?”

ಅವಳು ಅಂದಾಜಿಗೆ ಕೈ ಅಗಲಿಸಿ ತೋರಿಸಿದಳು.

“ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಯಾರಾದರೂ ಹಾಗೇ ನಿಲ್ತಾರಾ? ಅವಳ ಸೊಂಟ ಏನು ಆ ಗುಡಿಯಲ್ಲಿರೋ ಬೊಂಬೆಗಳ ಸೊಂಟವಾ? ನಾನು ನಲವತ್ತು ವರ್ಷ ನೀರು ಹೊತ್ತವಳು. ದಾರಿಯಲ್ಲಿ ಯಾರು ಕರೆದರೂ ನಡೀತಾನೇ ಮಾತಾಡಬೇಕು. ನಿಂತರೆ ಭಾರ.” ಧರ್ಮಾವತಮ್ಮ ಜಪಮಣಿಯನ್ನು ಕೈಗೆ ತೆಗೆದುಕೊಂಡರು. ಮತ್ತೆ ಮಡಿಲಲ್ಲಿಟ್ಟರು. “ಕೊಡ ಕೆಳಗಿಡಿಸು.”

“ಕೆಳಗಾ?”

“ಹೂಂ. ಮನೆಗೆ ಹೋಗೋ ಹೊತ್ತಲ್ಲಿ ಹುಡುಗಿ ತುಂಬಿದ ಕೊಡ ಕೆಳಗಿಟ್ಟಳು ಅಂದರೆ, ಅವಳಿಗೆ ಮನಸ್ಸು ಬಂತು ಅಂತ ಅರ್ಥ. ಸಿಟ್ಟು, ನಗು ಎಲ್ಲ ಆಮೇಲೆ. ಮತ್ತೆ ಅದನ್ನ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳೋದು ಎಷ್ಟು ಕಷ್ಟ ಅಂತ ನೀರು ಹೊತ್ತವರಿಗೆ ಗೊತ್ತು. ಸುಮ್ಮಸುಮ್ಮನೆ ಯಾರೂ ಇಡಲ್ಲ.”

ರತ್ನಪ್ರಭಾ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಬೈಗುಳಕ್ಕೆ ಸಿದ್ಧವಾಗಿ ಬಂದು ಕೂತವಳಿಗೆ ಕಣ್ಣಲ್ಲಿ ನೀರು ಬಂತು. ಮನಸ್ಸಿನಲ್ಲೇ ಸಾಲನ್ನು ತಿದ್ದಿದಳು: ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ, ತುಂಬಿದ ಕೊಡವನ್ನು ಕೆಳಗಿಟ್ಟಳು. ಎಷ್ಟೋ ವರ್ಷಗಳಿಂದ ಅವಳು ಕಟ್ಟಿದ ಸಾಲುಗಳಲ್ಲಿ ಇಷ್ಟು ಸರಿಯಾದದ್ದು ಇನ್ನೊಂದಿರಲಿಲ್ಲ. ಅದು ಕಾರ್ಡಿನಲ್ಲಿರಲಿಲ್ಲ. ಕಾರ್ಡು ಆಗಲೇ ಸಂಜೆಯ ಬಸ್ಸಿನಲ್ಲಿ ಹೋಗಿತ್ತು.

ಆ ಭಾನುವಾರ ಬಸದಿಯಲ್ಲಿ ಅಭಿಷೇಕ ಮುಗಿದು ಜನ ಪ್ರಾಂಗಣದಲ್ಲಿ ನಿಂತಿದ್ದಾಗ ಧರ್ಮಾವತಮ್ಮನ ಗಂಡನ ಅಣ್ಣ ಅನಂತನಾಥಯ್ಯನವರು ಕರೆದು ನಿಲ್ಲಿಸಿದರು. ಮನೆತನಕ್ಕೆ ಹಿರಿಯರು, ಪುರಾಣವೆಲ್ಲ ಬಾಯಿಪಾಠ. “ಏನಮ್ಮ ಧರ್ಮಾವತಿ, ನಿನ್ನ ಸೊಸೆ ಕೆರೆ ಏರಿ ಮೇಲೆ ಹುಡುಗೀನ ಪರಗಂಡಸಿನ ಮುಂದೆ ನಿಲ್ಲಿಸಿದ್ದಾಳಂತಲ್ಲ? ಊರೆಲ್ಲ ಅದೇ ಮಾತು.”

ರತ್ನಪ್ರಭಾ ಅತ್ತೆಯ ಬೆನ್ನ ಹಿಂದೆ ಇದ್ದಳು. ಕಂಬದೊಳಗೆ ಹೋಗಿ ಸೇರಿಕೊಳ್ಳುವ ಹಾಗಿದ್ದರೆ ಸೇರಿಕೊಂಡುಬಿಡುತ್ತಿದ್ದಳು.

“ನಿಲ್ಲಿಸಿದ್ದಾಳೆ, ಭಾವ” ಎಂದರು ಧರ್ಮಾವತಮ್ಮ. “ಕೊಡ ಕೆಳಗಿಡಿಸಿದ್ದು ನಾನು.”

ಅನಂತನಾಥಯ್ಯನವರಿಗೆ ಕೊಡದ ವಿಷಯ ಗೊತ್ತಿರಲಿಲ್ಲ. ಏನೋ ಕೇಳಲು ಹೋಗಿ ಬಿಟ್ಟರು. ಅತ್ತೆ ಸೊಸೆ ಇಬ್ಬರೂ ಮನೆಗೆ ನಡೆದರು. ಕೆರೆ ಕಾಣುವ ತಿರುವಿನಲ್ಲಿ ಧರ್ಮಾವತಮ್ಮ ಒಂದು ಗಳಿಗೆ ನಿಂತು, “ಆ ಕಲ್ಲು ಕಡೆಯೋನು ಯಾರ ಪೈಕಿ?” ಎಂದು ಕೇಳಿದರು.

“ಇನ್ನೂ ಯೋಚನೆ ಮಾಡಿಲ್ಲ, ಅತ್ತೆ. ಸಿಂಗೋಜ ಅಂತ ಹೆಸರಿಡೋಣ ಅಂತಿದ್ದೀನಿ.”

“ಹೆಸರಿರಲಿ. ಊಟಕ್ಕೆ ಹೊತ್ತು ನೋಡ್ತಾನಾ? ಬಾಚಲೆ ನಮ್ಮವಳು ತಾನೆ?”

ಎರಡು ತಿಂಗಳಾದಮೇಲೆ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಬಹುಮಾನ ಬಂದವರ ಹೆಸರುಗಳಲ್ಲಿ ಅವಳದಿರಲಿಲ್ಲ. ಮೆಚ್ಚುಗೆ ಪಡೆದವರ ಉದ್ದನೆಯ ಪಟ್ಟಿಯಲ್ಲೂ ಇರಲಿಲ್ಲ. ರತ್ನಪ್ರಭಾ ಪಟ್ಟಿಯನ್ನು ಕೆಳಗಿಂದ ಮೇಲಕ್ಕೂ ಓದಿದಳು. ಬೇಸರವೇನೋ ಆಯಿತು. ಜತೆಗೆ, ಮುಗಿಯಿತಲ್ಲ, ಇನ್ನು ಊರವರು ಬಿಟ್ಟುಬಿಡುತ್ತಾರೆ ಎಂಬ ಸಮಾಧಾನವೂ ಆಯಿತು.

ಬಿಡಲಿಲ್ಲ. ಮಾರನೆ ಬೆಳಗ್ಗೆ ಹಾಲು ಅಳೆದುಕೊಡುತ್ತ ಹುಚ್ಚಮ್ಮ ಕೇಳಿದಳು: “ಪೇಪರ್‌ನೋರು ಒಪ್ಲಿಲ್ವಂತೆ, ಔದಾ?”

“ಇಲ್ಲ ಕಣೇ.”

“ಒಪ್ದಿದ್ರೆ ಬುಡ್ಲಿ. ಅದ್ಸರಿ, ಆ ಹುಡ್ಗಿ ಮನೆಗೆ ಹೋದ್ಲಾ ಇಲ್ವಾ ಅದ್ನ ಏಳಿ. ಕೊಡ ಅಲ್ಲೇ ಕೆಳಗಿಟ್ಬುಟ್ಟು ಎಷ್ಟು ದಿನ ಆಯ್ತು? ಮನೇಲಿ ಅವ್ವ ಕಾಯ್ತಾ ಇರಾಕಿಲ್ವಾ?”

ಕೊಡ ಕೆಳಗಿಟ್ಟ ಸಂಗತಿ ಇವಳಿಗೆ ಹೇಗೆ ತಿಳಿಯಿತು ಎಂದು ರತ್ನಪ್ರಭಾ ಅತ್ತೆಯ ಕಡೆ ನೋಡಿದಳು. ಧರ್ಮಾವತಮ್ಮ ಹಿತ್ತಲ ಕಡೆ ಮುಖ ತಿರುಗಿಸಿ ಹೂವು ಬಿಡಿಸುತ್ತಿದ್ದರು.

ಮುಂದೇನಾಯಿತು ಎಂದು ಯೋಚಿಸುವುದು ಅವಳಿಗೆ ಹೊಸದು. ಮೊದಲ ಸಾಲಿನಿಂದಾಚೆಗೆ ಅವಳು ಎಂದೂ ಕಾಲಿಟ್ಟವಳಲ್ಲ. ಅದರ ಮುಂದಿನದು ಯಾವಾಗಲೂ ಯಾರೋ ಅಚ್ಚು ಹಾಕಿ ಇಟ್ಟಿರುತ್ತಿದ್ದರು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಎರಡನೆಯ ಸಾಲು ಬರೆದಳು. ಹೊಡೆದು ಹಾಕಿದಳು. ಮತ್ತೆ ಬರೆದಳು. ಒಂದು ವಾರಕ್ಕೆ ಒಂದೂವರೆ ಪುಟವಾಯಿತು. ಮಧ್ಯಾಹ್ನ ಅತ್ತೆಯ ಕಾಲ ಬಳಿ ಕೂತು ಓದಿ ಹೇಳಿದಳು. ಬಾಚಲೆ ಮನೆಗೆ ತಡವಾಗಿ ಬಂದು ತಾಯಿಯ ಹತ್ತಿರ ಸುಳ್ಳು ಹೇಳುವ ಭಾಗ.

“ಈ ಸುಳ್ಳು ತಾಯಿ ನಂಬಲ್ಲ. ಬೇರೆ ಹೇಳಿಸು” ಎಂದರು ಧರ್ಮಾವತಮ್ಮ.

ಹಾಗೆ ಶುರುವಾದದ್ದು ನಾಲ್ಕು ವರ್ಷ ನಡೆಯಿತು. ಗೊಮ್ಮಟೇಶ ಅರಸೀಕೆರೆಗೆ ತೆಂಗಿನಕಾಯಿ ಸಾಗಿಸಿ ಬರುವಾಗ ಇನ್ನೂರು ಪುಟದ ನೋಟ್‌ಬುಕ್ಕು ತರುತ್ತಿದ್ದ, ಈಗಲೂ ದಪ್ಪ ನೋಡಿಯೇ. ವಾರಕ್ಕೆರಡು ಮಧ್ಯಾಹ್ನ ಓದು. ಮೊದಮೊದಲು ಅತ್ತೆ ಒಬ್ಬರೇ. ಆಮೇಲೆ ಹುಚ್ಚಮ್ಮ ಬಾಗಿಲ ಬಳಿ ಕೂರತೊಡಗಿದಳು. ಬರಬರುತ್ತ ಬೀದಿಯ ಇನ್ನೂ ನಾಲ್ಕೈದು ಹೆಂಗಸರು ಹೂ ಕಟ್ಟುವುದನ್ನೋ, ಹುಣಸೆ ಬಿಡಿಸುವುದನ್ನೋ ಹಿಡಿದುಕೊಂಡು ಬಂದರು. ರತ್ನಪ್ರಭೆಗೆ ಹಳೆಯ ಕಾಲದ ಆಭರಣ, ಅರಮನೆ, ಸೈನ್ಯ ಇವುಗಳ ವರ್ಣನೆ ಇಷ್ಟ. ಕೇಳುವವರಿಗೆ ಬಾಚಲೆ ಏನು ಉಂಡಳು, ಯಾರ ಹತ್ತಿರ ಜಗಳವಾಡಿದಳು ಎಂಬುದು ಬೇಕು. ಅರಮನೆಯ ವರ್ಣನೆ ಬಂದಾಗ ಧರ್ಮಾವತಮ್ಮ ಕಣ್ಣು ಮುಚ್ಚುತ್ತಿದ್ದರು. ಎರಡು ಮೂರು ಸಲ ಹಾಗಾದ ಮೇಲೆ ರತ್ನಪ್ರಭಾ ಅರಮನೆಯನ್ನು ಚಿಕ್ಕದು ಮಾಡಿದಳು.

ಜಗಳ ಬಂದದ್ದು ಕೊನೆಯ ವಿಷಯಕ್ಕೆ.

ರತ್ನಪ್ರಭಾ ಮನಸ್ಸಿನಲ್ಲಿ ಮೊದಲೇ ಒಂದು ಅಂತ್ಯ ಇಟ್ಟುಕೊಂಡಿದ್ದಳು. ಉತ್ತರದಿಂದ ದಂಡು ಬರುತ್ತದೆ, ಊರು ಹಾಳಾಗುತ್ತದೆ, ಸಿಂಗೋಜ ಏನಾದನೋ ತಿಳಿಯುವುದಿಲ್ಲ, ಬಾಚಲೆ ಸಂಸಾರದಲ್ಲಿ ವಿರಕ್ತಿ ಹುಟ್ಟಿ ದೀಕ್ಷೆ ತೆಗೆದುಕೊಳ್ಳುತ್ತಾಳೆ. ಗಂಭೀರವಾಗಿರುತ್ತದೆ. ಅನಂತನಾಥಯ್ಯನವರು ಕೂಡ ತಪ್ಪು ಹುಡುಕಲಾರರು. ಒಂದು ದಿನ ಅತ್ತೆಯ ಹತ್ತಿರ ಇದನ್ನು ಹೇಳಿದಳು.

ಧರ್ಮಾವತಮ್ಮ ಬಿಡಿಸುತ್ತಿದ್ದ ಹುಣಸೆಯನ್ನು ಅಲ್ಲಿಗೇ ಬಿಟ್ಟರು. “ನೀನೂ ಹಾಗೇ ಮಾಡ್ತೀಯಾ?”

“ಯಾಕೆ, ಅತ್ತೆ? ಅದು ಒಳ್ಳೆಯದಲ್ವಾ?”

“ಒಳ್ಳೆಯದೇ. ನಾನು ಬೇಡ ಅಂದರೆ ಪಾಪ ಬರುತ್ತೆ. ಆದರೆ ಹುಟ್ಟಿದಾಗಿಂದ ಪುರಾಣ ಕೇಳ್ತಾ ಬಂದಿದ್ದೀನಿ ಕಣೇ. ರಾಜ ಇರಲಿ, ರಾಣಿ ಇರಲಿ, ಎಷ್ಟು ಪ್ರೀತಿಯಿಂದ ಇದ್ದರೂ ಕೊನೆಗೆ ಒಂದು ಬಿಳಿಕೂದಲು ಕಾಣುತ್ತೆ, ಇಲ್ಲ ಮೋಡ ಚೆದರಿದ್ದು ಕಾಣುತ್ತೆ, ಎದ್ದು ಕಾಡಿಗೆ ಹೊರಟುಬಿಡ್ತಾರೆ. ಒಬ್ಬರೂ ಮನೇಲಿ ಉಳಿಯಲ್ಲ. ಈ ಹುಡುಗಿಗಾದರೂ ಮದುವೆ ಮಾಡಿಸು. ಒಂದು ನಾಲ್ಕು ದಿನ ಸಂಸಾರ ಮಾಡಲಿ.”

ಧರ್ಮಾವತಮ್ಮ ಸಂಸಾರ ಮಾಡಿದ್ದು ಆರು ವರ್ಷ. ಅದನ್ನು ಅವರು ಹೇಳಲಿಲ್ಲ, ಸೊಸೆಯೂ ಎತ್ತಲಿಲ್ಲ. ಆದರೆ ಆ ದಿನದಿಂದ ಬರವಣಿಗೆ ಮುಂದೆ ಹೋಗಲೊಲ್ಲದಾಯಿತು. ಐದನೆಯ ನೋಟ್‌ಬುಕ್ಕಿನಲ್ಲಿ ದಂಡು ಊರ ಹೊರಗೆ ಬಂದು ಬೀಡುಬಿಟ್ಟದ್ದು ಎಂಟು ತಿಂಗಳು ಅಲ್ಲೇ ಇತ್ತು. ಹುಚ್ಚಮ್ಮ ದಿನಾ ಬೆಳಗ್ಗೆ “ದಂಡು ಒಳಕ್ಕೆ ಬಂತಾ?” ಎಂದು ಕೇಳಿ ಹಾಲು ಅಳೆಯುತ್ತಿದ್ದಳು.

ಎಂಬತ್ತೊಂದರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ. ಮನೆಯವರೆಲ್ಲ ಹೊರಟರು. ಧರ್ಮಾವತಮ್ಮನಿಗೆ ಆಗ ಅರವತ್ತೆಂಟು, ಮಂಡಿ ನೋವು. ಬೆಟ್ಟ ಹತ್ತುವುದಾಗದೆ ಕೆಳಗೆ ಒಂದು ಚಪ್ಪರದ ನೆರಳಿನಲ್ಲಿ ಕೂತರು; ಗಂಡ ಮಕ್ಕಳನ್ನು ಮೇಲೆ ಕಳಿಸಿ ರತ್ನಪ್ರಭಾ ಅವರ ಜತೆ ಉಳಿದಳು. ಅಲ್ಲಿಗೆ ದೀಕ್ಷೆ ಪಡೆದ ಆರ್ಯಿಕೆಯೊಬ್ಬರು ಬಂದು ಕುಳಿತರು. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ವಯಸ್ಸು ಇಪ್ಪತ್ತೈದು ದಾಟಿರಲಾರದು. ಧರ್ಮಾವತಮ್ಮ ನಮಸ್ಕಾರ ಮಾಡಿ, ಬಹಳ ಹೊತ್ತು ಆ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾಗದೆ ಕೇಳಿದರು: “ಮನೆ ನೆನಪಾಗುತ್ತಾ, ತಾಯಿ?”

ಆಕೆ ನಕ್ಕರು. “ಆಗುತ್ತೆ ಅಜ್ಜಿ. ಬರುತ್ತೆ, ಸ್ವಲ್ಪ ಹೊತ್ತು ಇರುತ್ತೆ, ಹೋಗುತ್ತೆ. ನಮ್ಮಮ್ಮ ಮಾಡೋ ಹೋಳಿಗೆ ಮಾತ್ರ ಹೋಗೋದು ನಿಧಾನ.”

ಧರ್ಮಾವತಮ್ಮನಿಗೂ ನಗು ಬಂತು. ಆಕೆ ಎದ್ದು ಹೋದಮೇಲೂ ಅವರು ಆ ದಾರಿಯನ್ನೇ ನೋಡುತ್ತ ಕೂತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಇಬ್ಬರಿಗೂ ಒಂದು ಸೀಟು ಸಿಕ್ಕಿತು. ಹಾಸನ ದಾಟಿದ ಮೇಲೆ ಧರ್ಮಾವತಮ್ಮ ಸೊಸೆಯ ಕಿವಿಯ ಬಳಿ ಹೇಳಿದರು: “ನಿನ್ನ ಬಾಚಲೆಗೆ ದೀಕ್ಷೆ ಕೊಡಿಸೋ ಮನಸ್ಸಿದ್ದರೆ ಕೊಡಿಸು. ನಾನು ಸುಮ್ಮನೆ ಹಟ ಮಾಡಿದೆ. ಅದು ಅಳೋ ಸಂಗತಿ ಅಂತ ತಿಳಿದಿದ್ದೆ. ಆ ಮಗು ಎಷ್ಟು ಹಗುರವಾಗಿ ನಕ್ಕಿತು, ನೋಡಿದೆಯಲ್ಲ.”

ರತ್ನಪ್ರಭಾ ಕಿಟಕಿಯಾಚೆ ನೋಡುತ್ತ ಹೇಳಿದಳು: “ಮದುವೆ ಬರೆದಾಯ್ತು, ಅತ್ತೆ.”

“ಯಾವಾಗ?”

“ಹೋದ ವಾರ. ದಂಡು ಊರೊಳಕ್ಕೆ ನುಗ್ಗೋಕೆ ಮುಂಚೆ ಇಬ್ಬರನ್ನೂ ಊರು ಬಿಡಿಸಿ, ಸಿಂಗೋಜನ ಸೋದರಮಾವನ ಹಳ್ಳಿಗೆ ಕಳಿಸಿದೀನಿ. ನಿಮಗೆ ಹೇಳಿರಲಿಲ್ಲ.”

ಧರ್ಮಾವತಮ್ಮ ಸೊಸೆಯ ಮೊಣಕೈಯನ್ನು ಹಿಡಿದುಕೊಂಡರು. ಬಸ್ಸು ಕುಲುಕುತ್ತಿದೆ, ಅದಕ್ಕೆ ಹಿಡಿದಿದ್ದಾರೆ ಎಂದು ನೋಡಿದವರು ತಿಳಿಯಬೇಕು, ಹಾಗೆ. ಊರು ಬರುವ ತನಕ ಬಿಡಲಿಲ್ಲ.

ಮದುವೆಯ ಅಧ್ಯಾಯವನ್ನು ಓದಿದ ಮಧ್ಯಾಹ್ನ ಪಡಸಾಲೆಯಲ್ಲಿ ಹನ್ನೆರಡು ಹೆಂಗಸರಿದ್ದರು. ಸಣ್ಣಯ್ಯ ಕೂಡ, ರವಿಕೆ ಕೊಡಲು ಬಂದ ನೆಪದಲ್ಲಿ, ಜಗಲಿಯ ತುದಿಯಲ್ಲಿ ಕೂತಿದ್ದ. ಹಳ್ಳಿಯ ಮನೆಯಂಗಳದಲ್ಲಿ ಚಪ್ಪರ, ನೂರಾರು ಜನ, ಬಾಳೆಲೆ. ದೀವಟಿಗೆಗಳ ಬೆಳಕಿನಲ್ಲಿ ಊಟದ ಪಂಕ್ತಿ ಕೂತಿತು ಎಂದು ರತ್ನಪ್ರಭಾ ಓದಿದ ಕೂಡಲೇ ಧರ್ಮಾವತಮ್ಮ ಕೈ ಎತ್ತಿದರು.

“ದೀವಟಿಗೆ ಬೇಡ. ಬಾಚಲೆ ಉಪವಾಸ ಮಲಗ್ತಾಳೆ. ಊಟ ಹೊತ್ತು ಮುಳುಗೋ ಮುಂಚೆ ಮುಗಿಸು.”

“ಸಿಂಗೋಜನ ಕಡೆಯವರು ಅಷ್ಟು ಬೇಗ ಉಣ್ಣಲ್ಲ, ಅತ್ತೆ.”

“ಮದುವೆ ದಿನ ಒಂದು ಹೊತ್ತು ಬೇಗ ಉಂಡರೆ ಅವರ ಗಂಟೇನೂ ಹೋಗಲ್ಲ. ಸಿಂಗೋಜನ ಕೈಲಿ ಹೇಳಿಸು, ಕೇಳ್ತಾರೆ.”

ಸಿಂಗೋಜ ಹೇಳಿದ, ಅವರು ಕೇಳಿದರು. ಎಲ್ಲರಿಗೂ ತೃಪ್ತಿಯಾಯಿತು. ಹುಚ್ಚಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹಾಲು ಕರೆಯುವ ಹೊತ್ತಾಯಿತೆಂದು ಎದ್ದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಪಡಸಾಲೆ ಖಾಲಿಯಾದಮೇಲೆ ಧರ್ಮಾವತಮ್ಮ ಕೇಳಿದರು: “ಅವಳ ಅತ್ತೆ ಹೇಗಿದ್ದಳು?”

“ಯಾರ ಅತ್ತೆ?”

“ಬಾಚಲೆ ಅತ್ತೆ. ಮದುವೆ ಆದಮೇಲೆ ಒಬ್ಬಳು ಅತ್ತೆ ಇರಬೇಕಲ್ಲ. ಆ ಸಿಂಗೋಜನಿಗೆ ತಾಯಿ ಇಲ್ವಾ?”

ರತ್ನಪ್ರಭಾ ಬೆಪ್ಪಾದಳು. ರಾಜ, ಮಂತ್ರಿ, ದಂಡನಾಯಕ, ದಾಸಿ ಎಲ್ಲರನ್ನೂ ತಂದಿದ್ದಳು. ಅತ್ತೆಯೊಬ್ಬಳಿರಬೇಕು ಎಂಬುದು ಹೊಳೆದೇ ಇರಲಿಲ್ಲ. ಓದಿದ ಯಾವ ಪ್ರೇಮಕಾದಂಬರಿಯಲ್ಲೂ ಅತ್ತೆ ಬಂದದ್ದು ನೆನಪಿರಲಿಲ್ಲ.

ಆರನೆಯ ನೋಟ್‌ಬುಕ್ಕು ತೆಗೆದಳು. ಹದಿನೈದು ದಿನ ಕಷ್ಟಪಟ್ಟಳು. ಸಿಂಗೋಜನ ತಾಯಿ ಕಾಳವ್ವೆ ಶಾಂತಮೂರ್ತಿ, ಸದಾ ನಗುಮುಖ. ಬಾಗಿಲಿಗೆ ಬಂದ ಸೊಸೆಯನ್ನು ಮಗಳೇ ಎಂದು ತಬ್ಬಿಕೊಂಡಳು, ಒಂದು ಕಡ್ಡಿಯನ್ನೂ ಎತ್ತಿಡಲು ಬಿಡಲಿಲ್ಲ, ಗಟ್ಟಿಯಾಗಿ ಒಂದು ಮಾತಾಡಲಿಲ್ಲ. ಬೇರೆ ಹೆಂಗಸರು ಬರುವ ದಿನಕ್ಕೆ ಕಾಯದೆ, ಅತ್ತೆ ಒಬ್ಬರೇ ಇದ್ದಾಗ ಓದಿದಳು.

ಧರ್ಮಾವತಮ್ಮ ಪೂರ್ತಿ ಕೇಳಿದರು. “ಇಷ್ಟು ಒಳ್ಳೆಯವಳು ಯಾರೂ ಇರಲ್ಲ ಕಣೇ ರತ್ನಾ” ಎಂದರು. “ಸ್ವಲ್ಪ ಬೈಯಿಸು.”

“ಹೇಗೆ ಬೈಯಿಸಲಿ?”

“ನನ್ನನ್ನು ಕೇಳ್ತೀಯಾ?” ಎಂದು ಧರ್ಮಾವತಮ್ಮ ನಕ್ಕರು. ರತ್ನಪ್ರಭೆಗೂ ನಗು ಬಂತು. ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ನಕ್ಕರು. ಆಮೇಲೆ ಇಬ್ಬರೂ ಕೂಡಿ ಆ ಅಧ್ಯಾಯವನ್ನು ಸರಿ ಮಾಡಿದರು. ಧರ್ಮಾವತಮ್ಮ ಹೇಳುವುದು, ರತ್ನಪ್ರಭಾ ಬರೆಯುವುದು. ಹಾಲು ಉಕ್ಕಿಸಿದ್ದಕ್ಕೆ ಒಂದು ಬೈಗುಳ, ಹೊಸಿಲ ಮೇಲೆ ಕೂತದ್ದಕ್ಕೆ ಒಂದು. ನಡುವೆ ಒಮ್ಮೆ ಧರ್ಮಾವತಮ್ಮ ನಿಲ್ಲಿಸಿ, ಕಿಟಕಿಯ ಕಡೆ ನೋಡಿ, “ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕಿ ಕೂತಿದ್ದಳು ಅಂತಾನೂ ಬರಿ. ಬೆಳಗ್ಗೆ ಎದ್ದ ತಕ್ಷಣ ಮತ್ತೆ ಬೈದಳು ಅಂತ ಬರಿ” ಎಂದರು. ರತ್ನಪ್ರಭಾ ಬರೆದಳು. ಹೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆಯಲಿಲ್ಲ.

ಕಾದಂಬರಿ ಅಚ್ಚಾಗಲಿಲ್ಲ. ಗೊಮ್ಮಟೇಶ ಒಬ್ಬ ಪ್ರಕಾಶಕರಿಗೆ ಕಳಿಸಿ ನೋಡಿದ. ಮೊದಲ ಭಾಗ ಚೆನ್ನಾಗಿದೆ, ಮುಂದೆ ಅಡುಗೆಮನೆ ಹೆಚ್ಚಾಯಿತು, ಇತಿಹಾಸ ಕಡಿಮೆಯಾಯಿತು ಎಂಬ ಪತ್ರದೊಂದಿಗೆ ಕಟ್ಟು ಮರಳಿ ಬಂತು. ರತ್ನಪ್ರಭಾ ಪತ್ರವನ್ನು ಓದಿ ಅತ್ತೆಗೂ ಹೇಳಿದಳು. “ಅವರೂ ಉಣ್ತಾರಲ್ಲ” ಎಂದರು ಧರ್ಮಾವತಮ್ಮ. ಸಣ್ಣಯ್ಯ ಆರು ನೋಟ್‌ಬುಕ್ಕಿಗೂ ಅಂಗಡಿಯಲ್ಲಿ ಉಳಿದ ಬಟ್ಟೆಯಿಂದ ಹೊದಿಕೆ ಹೊಲಿದುಕೊಟ್ಟ. ಓದಿ ಹೇಳಲು ಮಕ್ಕಳಿದ್ದ ಮನೆಗಳಿಗೆ ಅವು ಒಂದೊಂದಾಗಿ ಹೊರಟವು. ಬಾಣಾವರಕ್ಕೆ ಹೋದವು, ಬೇಲೂರಿಗೆ ಹೋದವು. ಮೂರನೆಯದು ಹಗರೆಯಲ್ಲಿ ಒಂದು ವರ್ಷ ಉಳಿದು, ಅರಿಶಿನದ ಕಲೆ ಹೊತ್ತು ಬಂತು. ಯಾರೋ ಬಾಚಲೆಯ ಮಾತುಗಳ ಕೆಳಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆದಿದ್ದರು.

ಎಂಬತ್ನಾಲ್ಕರ ಒಂದು ಮಧ್ಯಾಹ್ನ ಹಗರೆಯಿಂದ ಇಬ್ಬರು ಹೆಂಗಸರು ಬಸ್ಸಿಳಿದು ಮನೆ ಹುಡುಕಿಕೊಂಡು ಬಂದರು. ಅಕ್ಕ ತಂಗಿಯರು, ಲಿಂಗಾಯತರ ಮನೆಯವರು, ದೊಡ್ಡವಳು ಮಹದೇವಮ್ಮ. ಐದನೆಯ ನೋಟ್‌ಬುಕ್ಕು ವಾಪಸು ಕೊಟ್ಟು ಆರನೆಯದನ್ನು ಕೇಳಲು ಬಂದಿದ್ದರು. ರತ್ನಪ್ರಭಾ ಒಳಗೆ ಮಜ್ಜಿಗೆ ಮಾಡುತ್ತಿದ್ದಳು. ಧರ್ಮಾವತಮ್ಮನಿಗೆ ಆಗ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಬಂದವರನ್ನು ಕೈಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು.

“ಅಮ್ಮಾ, ಒಂದು ಮಾತು ಹೇಳಿ” ಎಂದು ಮಹದೇವಮ್ಮ ಸಣ್ಣ ದನಿಯಲ್ಲಿ ಕೇಳುವುದು ಒಳಗೆ ಕೇಳಿಸಿತು. “ಆ ಹುಡುಗಿ ಗಂಡನ ಮನೇಲಿ ಸುಖವಾಗಿರ್ತಾಳಾ? ಅತ್ತೆ ಎಂಥವಳು? ನಮ್ಮ ತಂಗಿ ರಾತ್ರಿಯೆಲ್ಲ ಅದೇ ಯೋಚನೆ ಮಾಡ್ತಾಳೆ.”

“ಓದಿ ತಿಳ್ಕೊಳ್ಳಿ. ಮುಂಚೆ ಹೇಳಿದರೆ ಚೆನ್ನಾಗಿರಲ್ಲ” ಎಂದರು ಧರ್ಮಾವತಮ್ಮ. ಆಮೇಲೆ ಅವರದೇ ದನಿ ಮತ್ತೆ ಬಂತು, ಅದೂ ತಗ್ಗಿದ ದನಿ: “ಬಾಯಿ ಸ್ವಲ್ಪ ಜೋರು. ಕೆಟ್ಟವಳಲ್ಲ.”

ರತ್ನಪ್ರಭಾ ಲೋಟಗಳಿಗೆ ಮಜ್ಜಿಗೆ ಸುರಿದು, ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ, ಪಡಸಾಲೆಗೆ ತಂದಳು.